ತೊಳೆದು ಕಳಿಸಿದ ಯಂತ್ರ

ಊರವರಿಗೆಲ್ಲ ಅವಳು ಜೇನಕ್ಕ. ಗಂಡ ತೀರಿಕೊಂಡ ಮೇಲೆ ಜೇನುಪೆಟ್ಟಿಗೆಗಳನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಜೇನು ತೆಗೆಯುವ ಡ್ರಮ್ಮಿನ ಹಿಡಿ ತಿರುಗಿಸಿ ತಿರುಗಿಸಿ ಬಲಭುಜ ಮೇಲೇಳದಂತಾದಾಗ, ಕರೆಂಟಿನಲ್ಲಿ ತಿರುಗುವ ಯಂತ್ರವೇ ಬೇಕೆಂದು ಹಟ ಹಿಡಿದಳು. ಹೊಸದು ಕೈಗೆಟುಕಲಿಲ್ಲ. ಅವಳ ತಮ್ಮ ಮೊಬೈಲಿನಲ್ಲಿ ಜಾಲಾಡಿ ಹೊರದೇಶದವನೊಬ್ಬನ ಹಳೆಯ ಯಂತ್ರವನ್ನು ಗೊತ್ತುಮಾಡಿದ.

“ಬಳಸಿದ ಸಾಮಾನು ಕಣೋ. ಅನುಮತಿ ಗಿನುಮತಿ ಬೇಕಾ ಅಂತ ಕೇಳಿದ್ಯಾ?”

“ಚೆನ್ನಾಗಿ ತೊಳೆದು ಕಳಿಸ್ತಾನಂತೆ ಅಕ್ಕಾ. ಉಳಿದಿದ್ದು ಬಂದರಿನ ಏಜೆಂಟ್ ನೋಡ್ಕೊಳ್ತಾನೆ. ಸುಮ್ನಿರು.”

ಅವಳು ದುಡ್ಡು ಎಣಿಸಿ ಕೊಟ್ಟಳು.

ಯಂತ್ರ ಬಂದರು ತಲುಪಿತು, ಮನೆ ತಲುಪಲಿಲ್ಲ. ತಪಾಸಣೆಗೆ ಹಿಡಿದಿಟ್ಟಿದ್ದಾರೆಂದು ಫೋನ್ ಬಂತು. ಅಕ್ಕ ತಮ್ಮ ಎದ್ದುಬಿದ್ದು ಓಡಿದರು. ಒಂದು ಕಿಟಕಿಯವರು ಇನ್ನೊಂದಕ್ಕೆ ಅಟ್ಟಿದರು. ಅಲ್ಲಿಯವರು ಊಟಕ್ಕೆ ಹೋಗಿದ್ದರು. ಕೊನೆಗೆ ಏಜೆಂಟ್ ಸಿಕ್ಕಿದ.

“ನಾನು ಬರೀ ಕಾಗದ ಓಡಿಸೋನು ಅಮ್ಮಾ. ಸಾಮಾನು ತರಿಸಿದವರು ನೀವು, ಜವಾಬ್ದಾರಿನೂ ನಿಮ್ದೇ.”

“ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?”

“ನೀವು ಕೇಳ್ಲಿಲ್ವಲ್ಲ.”

ತಪಾಸಣೆಯ ಅಧಿಕಾರಿ ಜೇನಕ್ಕನ ಮಗಳ ವಯಸ್ಸಿನವಳು. ಕೈಗವಸು ತೊಟ್ಟು, ಹೊರಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಡ್ರಮ್ಮಿನ ತಳದ ಸಂದಿಯನ್ನು ಚಪ್ಪಟೆ ಕಡ್ಡಿಯಿಂದ ಕೆರೆದಳು. ಕಪ್ಪಗಾದ ಮೇಣ, ಒಣಗಿದ ಜೇನು ಉದುರಿದವು.

“ಇದರಲ್ಲಿ ಜೇನುನೊಣದ ರೋಗ ಇದೆ ಅಂತ ಹೇಳ್ತಿಲ್ಲ. ಇಲ್ಲ ಅಂತಾನೂ ಹೇಳೋಕಾಗಲ್ಲ. ಇಂಥದ್ದಕ್ಕೆ ಮುಂಚೇನೇ ಅನುಮತಿ ತಗೋಬೇಕಿತ್ತು. ಈಗ ವಾಪಸ್ ಕಳಿಸಿ, ಇಲ್ಲಾಂದ್ರೆ ನಾಶ ಮಾಡೋಕೆ ಒಪ್ಕೊಳ್ಳಿ.”

“ಇಲ್ಲೇ ಕುದಿಯೋ ನೀರಲ್ಲಿ ತೊಳೆದುಬಿಡ್ತೀನಿ ಮೇಡಂ.”

“ಕೆಲವು ರೋಗಾಣು ಅದಕ್ಕೂ ಸಾಯಲ್ಲ ಅಮ್ಮಾ.”

ಅದು ಜೇನಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಕ್ಕೆ ತನ್ನ ಮೇಲೇ ರೇಗಿತು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಪಕ್ಕದ ತೋಟದವನು ಎಲ್ಲಿಂದಲೋ ತಂದ ಜೇನುಪೆಟ್ಟಿಗೆಯ ಹಳೇ ಚೌಕಟ್ಟುಗಳಿಂದ ರೋಗ ಹಬ್ಬಿ ಮರಿಹುಳುಗಳು ಕೊಳೆತು ನಾರಿದ್ದವು. ಮಾವ ಗುಂಡಿ ತೋಡಿ, ನೊಣಗಳ ಸಮೇತ ಪೆಟ್ಟಿಗೆಗಳಿಗೆ ಬೆಂಕಿಯಿಟ್ಟು, ಆ ದಿನ ಊಟ ಮುಟ್ಟಿರಲಿಲ್ಲ.

ತಮ್ಮ ಅವಳನ್ನು ಪಕ್ಕಕ್ಕೆಳೆದ. “ಹೊರಗೆ ಒಬ್ಬ ಸಿಕ್ಕಿದಾನೆ. ಕೈ ಬೆಚ್ಚಗೆ ಮಾಡಿದ್ರೆ ಬಿಡಿಸಿಕೊಡ್ತಾನಂತೆ.”

“ಬಾಯಿ ಮುಚ್ಚು! ನನ್ನ ನೊಣ ಸತ್ರೆ ನಾನು ಅತ್ತು ಸುಮ್ನಾಗ್ತೀನಿ. ಸುತ್ತಲಿನವರ ನೊಣ ಸತ್ರೆ ಅವರಿಗೆ ಯಾರು ಮುಖ ತೋರಿಸ್ತಾರೆ? ನೀನಾ?”

ವಾಪಸ್ ಕಳಿಸುವ ಬಾಡಿಗೆ ಯಂತ್ರದ ಬೆಲೆಗಿಂತ ಹೆಚ್ಚಾಗುತ್ತಿತ್ತು. ನಾಶಕ್ಕೆ ಒಪ್ಪಿ ಸಹಿ ಹಾಕಿದಳು. ಡ್ರಮ್ಮನ್ನು ಜಜ್ಜುವ ಸದ್ದು ಕೇಳಿ ಹಲ್ಲು ಕಚ್ಚಿ ನಿಂತಳು.

“ನಿಯಮ ಎಲ್ಲಾ ವೆಬ್‌ಸೈಟಿನಲ್ಲಿದೆ ಅಮ್ಮಾ,” ಎಂದಳು ಅಧಿಕಾರಿ.

“ಜೇನು ಸಾಕೋರಿಗೂ ಯಾರಾದ್ರೂ ಬಂದು ಹೇಳ್ಬೇಕಲ್ವಾ ಮೇಡಂ?”

ಯಾರೂ ಬರುವುದಿಲ್ಲವೆಂದು ಗೊತ್ತಾಗಿ ತಾನೇ ಹೇಳಲು ಹೊರಟಳು. ಜೇನು ಸಾಕುವವರ ಸಂಘದ ಸಭೆಯಲ್ಲಿ ಒಂದೂ ಬಿಡದೆ ವಿವರಿಸಿದಳು. ಎಲ್ಲರೂ ಅಯ್ಯೋ ಪಾಪ ಎಂದರು. ಅವಳು ಚೀಲ ಎತ್ತಿಕೊಂಡು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೈಯೆತ್ತಿದ.

“ಅಕ್ಕಾ, ಆ ಮಾರಿದವನ ನಂಬರ್ ಇದ್ಯಾ? ನನಗಾದ್ರೆ ಸಂದಿಗೊಂದಿನೂ ತೊಳೆದು ಕಳಿಸು ಅಂತ ಹೇಳ್ತೀನಿ.”

ಜೇನಕ್ಕ ಅವನನ್ನೇ ದುರುಗುಟ್ಟಿ ನೋಡಿದಳು. ಚೀಲ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು, ಮತ್ತೆ ಮೊದಲಿನಿಂದ ಹೇಳತೊಡಗಿದಳು.