ರತ್ನಿಯ ಎಡಗೈ

ನಮ್ಮೂರಿನ ಶಾಲೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಏಳು ತರಗತಿಗೆ ಎರಡು ಕೋಣೆ, ಇಬ್ಬರು ಮೇಷ್ಟ್ರು. ನಿಮ್ಮಲ್ಲಿ ಅನೇಕರು ಅಂಥ ಕೋಣೆಗಳಲ್ಲೇ ಅಕ್ಷರ ಕಲಿತಿರುತ್ತೀರಿ. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ, ದಸರಾ ರಜೆ ಮುಗಿಯುವಷ್ಟರಲ್ಲಿ ಒಬ್ಬರಿಗೆ ವರ್ಗವಾಯಿತು. ಉಳಿದವರು ಕಣಕಟ್ಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹೆಡ್‌ಮೇಷ್ಟ್ರು ಒಬ್ಬರೇ.

“ಗಿರಿಜಾ, ಬೆಳಗಿನ ಹೊತ್ತು ಒಂದನೇ ಕ್ಲಾಸಿನ ಮಕ್ಕಳನ್ನ ನೀನು ನೋಡ್ಕೊಳಮ್ಮ. ಅಕ್ಷರ ತಿದ್ದಿಸಿದ್ರೆ ಸಾಕು,” ಎಂದರು ಅವರು.

ಅಂದು ಮನೆಗೆ ಓಡಿಹೋಗಿ ಅವ್ವನಿಗೆ ಹೇಳಿದೆ. ಮಾರನೆಯ ದಿನ ಜಡೆಯನ್ನು ಮೇಲೆತ್ತಿ ತುರುಬು ಕಟ್ಟಿಕೊಂಡು ಬಂದೆ. ಹೊಂಗೆಮರದ ಕೆಳಗೆ ಹನ್ನೊಂದು ಮಕ್ಕಳು ಕೂತಿದ್ದವು. ಬೇಲಿಯಾಚೆ ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ನಾನು ಮೊದಲು ಮಾಡಿದ ಕೆಲಸ ಹುಣಸೆಮರದಿಂದ ಹೊಡೆಯುವುದಕ್ಕೆಂದು ಒಂದು ಬರಲು ಕಡ್ಡಿ ಮುರಿದುಕೊಂಡದ್ದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮಕ್ಕಳಲ್ಲಿ ರತ್ನಿ ಎಲ್ಲರಿಗಿಂತ ಸಣ್ಣವಳು. ಕೆರೆ ಏರಿಯ ಆಚೆ ಅವರ ಮನೆ. ಅವಳು ಬಳಪ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ.

“ಎಡಗೈಲಿ ಬರೀಬಾರ್ದು ಕಣೇ, ಸರಸ್ವತಿ ಮುನಿಸ್ಕೊತಾಳೆ,” ಎಂದು ಬಳಪವನ್ನು ಬಲಗೈಗೆ ಕೊಟ್ಟೆ. ಅವಳ ‘ಅ’ ಸ್ಲೇಟಿನ ತುಂಬ ಉರುಳಾಡಿತು. ನಾನು ಅತ್ತ ತಿರುಗಿದ ಕೂಡಲೇ ಬಳಪ ಮತ್ತೆ ಎಡಗೈಗೆ ಬರುತ್ತಿತ್ತು. ಅಲ್ಲಿ ಅಕ್ಷರ ಮುತ್ತಿನ ಹಾಗೆ ಬೀಳುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು. ಬೆರಳ ಗಿಣ್ಣಿನ ಮೇಲೆ ಹೊಡೆದೆ. ಅವಳು ಕೈಯನ್ನು ಲಂಗದೊಳಗೆ ಅಡಗಿಸಿಕೊಂಡಳು, ಅಳಲಿಲ್ಲ.

ಒಂದು ದಿನ ನನ್ನ ಜಡೆಯ ಟೇಪು ಬಿಚ್ಚಿ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಟ್ಟೆ. ಮಕ್ಕಳೆಲ್ಲ ನಕ್ಕವು. ನಾನೂ ನಕ್ಕೆ. ರತ್ನಿ ಕೂತಲ್ಲೇ ಒಂದಕ್ಕೆ ಮಾಡಿಕೊಂಡಳು. ಟೇಪು ಬಿಚ್ಚಿದ್ದೇ ಎದ್ದು, ಸ್ಲೇಟನ್ನೂ ಬಿಟ್ಟು ಮನೆಗೆ ಹೋದಳು.

ಒಂದು ವಾರ ಅವಳು ಬರಲಿಲ್ಲ. ಹಾಜರಿ ಕೂಗುವಾಗ ಮೇಷ್ಟ್ರು ಏಕೆಂದು ಕೇಳಿದರು. ಒಂದನೆಯ ತರಗತಿಯ ಮಗುವೊಂದು ಎದ್ದು ನಿಂತು ಎಲ್ಲವನ್ನೂ ಹೇಳಿತು. ಮೇಷ್ಟ್ರು ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಹಾಜರಿ ಪುಸ್ತಕ ಮುಚ್ಚಿ, “ಮಕ್ಕಳನ್ನ ಒಪ್ಪಿಸಿದ್ದೆ ಕಣಮ್ಮ ನಿಂಗೆ. ಹೋಗು, ನೀನೇ ಕರ್ಕೊಂಡ್ ಬಾ,” ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಏರಿ ದಾಟಿ ಹೋದೆ. ರತ್ನಿಯ ತಾಯಿ ಪುಟ್ಟಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಬಿಡಿಸುತ್ತಿದ್ದರು.

“ಬಾ ಕಣವ್ವ, ಕೂತ್ಕೋ. ಹೊಟ್ಟೆನೋವು ಅಂತ ಮಲಗೈತೆ ಮಗು. ನಿನ್ ಹೆಸ್ರೇ ಹೇಳ್ತಿರ್ತದೆ, ಗಿರಿಜಕ್ಕ ಹಂಗೆ ಗಿರಿಜಕ್ಕ ಹಿಂಗೆ ಅಂತ,” ಎಂದು ಒಳಗಿನಿಂದ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ ತಂದುಕೊಟ್ಟರು. ನಡೆದದ್ದನ್ನು ರತ್ನಿ ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಒಂದು ತುತ್ತು ತಿಂದು ರೊಟ್ಟಿಯನ್ನು ಕೆಳಗಿಟ್ಟೆ. ಅಳುತ್ತ ನಾನೇ ಎಲ್ಲ ಹೇಳಿದೆ. ಪುಟ್ಟಮ್ಮ ಕಡ್ಡಿಗಳನ್ನು ಪಕ್ಕಕ್ಕಿಟ್ಟರು.

“ನಾನೂ ಆ ಕೈಗೆ ಬರೆ ಇಕ್ಕಿದೀನಿ ಕಣವ್ವ, ಉಣ್ಣೋವಾಗ ಎಡಗೈ ಹಾಕ್ತಳೆ ಅಂತ. ಹೆತ್ತೋಳೇ ಇಕ್ಕಿದ್ ಮೇಲೆ ನಿನ್ನ ಏನಂತ ಅನ್ಲಿ?”

ಅಷ್ಟರಲ್ಲಿ ರತ್ನಿ ಬಾಗಿಲಿಗೆ ಬಂದು ನಿಂತಿದ್ದಳು. “ನಾಳೆ ಬತ್ತೀಯೇನೇ?” ಎಂದೆ.

ಅವಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಯಾವ್ ಕೈಲಿ ಬರೀಲಿ?”

“ನಿಂಗೆ ಯಾವ್ದು ಬತ್ತದೋ ಅದ್ರಲ್ಲೇ.”

ಮಾರನೆಯ ದಿನ ಬಂದಳು. ಆದರೆ ಕೊನೆಯ ಸಾಲಿನಲ್ಲಿ ಕೂತಳು. ನಾನು ಬೇರೆ ಕಡೆ ನೋಡುವಾಗ ಮಾತ್ರ ಬರೆಯುತ್ತಿದ್ದಳು. ಹತ್ತಿರ ಹೋದರೆ ಸ್ಲೇಟನ್ನು ಎದೆಗೆ ಅವುಚಿಕೊಂಡು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬರಲನ್ನು ನಾನು ಬೇಲಿಯಾಚೆ ಎಸೆದದ್ದನ್ನು ಅವಳೂ ನೋಡಿದ್ದಳು. ಆದರೂ ಹಾಗೆಯೇ. ಅವರೆಕಾಯಿ ಕೊಟ್ಟೆ, ಹಣೆಗೆ ಬೊಟ್ಟು ಇಟ್ಟೆ, ಕುಂಟೆಬಿಲ್ಲೆಗೆ ಜೊತೆ ಮಾಡಿಕೊಂಡೆ. ಆಟದಲ್ಲಿ ನಗುವಳು, ಸ್ಲೇಟು ಹಿಡಿದರೆ ಮತ್ತೆ ಅದೇ ಹೆದರಿಕೆ. ಒಂದು ಮಗುವಿನ ಮನಸ್ಸಿನಿಂದ ಭಯ ತೆಗೆಯುವುದು ಎಷ್ಟು ನಿಧಾನದ ಕೆಲಸವೆಂದು ನಾನು ಆ ಹೊಂಗೆಮರದ ಕೆಳಗೆ ಕಲಿತೆ. ದೊಡ್ಡವಳಾದ ಮೇಲೆ ಈ ಕೆಲಸವನ್ನೇ ಮಾಡಬೇಕು, ಸರಿಯಾಗಿ ಮಾಡಬೇಕು ಅನ್ನಿಸಿದ್ದೂ ಆಗಲೇ.

ಆ ಕೆಲಸ ಮುಗಿಯಲಿಲ್ಲ. ರಾಗಿ ಕೊಯ್ಲಾದ ಮೇಲೆ ರತ್ನಿಯ ಅಪ್ಪ ಅವ್ವ ಬೇಲೂರಿನ ಕಡೆ ಕಾಫಿ ಹಣ್ಣು ಬಿಡಿಸಲು ಹೋದರು, ಅವಳನ್ನೂ ಕರೆದುಕೊಂಡು. ಯುಗಾದಿಗೆ ತಿರುಗಿ ಬರುತ್ತೇವೆ ಎಂದಿದ್ದವರು ಬರಲೇ ಇಲ್ಲ.

ನಾನು ತರಬೇತಿ ಮುಗಿಸಿದಾಗ ನನಗೆ ಸಿಕ್ಕಿದ ಮೊದಲ ಶಾಲೆಯೂ ಬೇಲೂರಿನ ಕಡೆಯದೇ. ಕಾಫಿ ತೋಟದ ಕೂಲಿಯವರ ಲೈನು ಮನೆಗಳಲ್ಲಿ ಪುಟ್ಟಮ್ಮನ ಹೆಸರು ಹೇಳಿ ವರ್ಷಗಟ್ಟಲೆ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಈಗ ಹಳೇಬೀಡಿನ ಹತ್ತಿರ ಇದ್ದೇನೆ, ನಿವೃತ್ತಿ ದೂರವಿಲ್ಲ. ಮೇಷ್ಟ್ರು ತೀರಿಕೊಂಡರು. ಏರಿಯಾಚೆಯ ಆ ಮನೆಯ ಜಾಗದಲ್ಲಿ ತೆಂಗಿನ ಸಸಿ ನೆಟ್ಟಿದ್ದಾರೆ. ಈಗ ಮಗು ಶಾಲೆಗೆ ಬರದಿದ್ದರೆ ನಾವು ಮೊಬೈಲಿನಲ್ಲಿ ಮೆಸೇಜು ಹಾಕುತ್ತೇವೆ. ಜಗಲಿಯಲ್ಲಿ ಕೂತು ರೊಟ್ಟಿ ತಿಂದು ತಪ್ಪು ಒಪ್ಪಿಕೊಳ್ಳುವ ಹಾದಿ ಯಾರಿಗೂ ಉಳಿದಿಲ್ಲ.

ಅಂದು ಆ ಹಾದಿಯಲ್ಲಿ ನಡೆದ ನಾನೂ ತಾಯಿಯ ಮುಂದೆ ಅತ್ತೆನೇ ಹೊರತು, ‘ತಪ್ಪಾಯ್ತು’ ಎಂದು ಆ ಮಗುವಿಗೆ ಹೇಳಲಿಲ್ಲ. ಆರು ವರ್ಷದ ಮಗುವಿಗೂ ಅದನ್ನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು.