ಮನೆಗಾಡಿಗೆ ಒಪ್ಪುವ ಟೈರು

ಹೂಟಗಳ್ಳಿಯ ಟೈರಂಗಡಿಯಲ್ಲಿ ಕೂರಲು ಬೇರೇನೂ ಸಿಗದೆ ಟೈರಿನ ಮೇಲೆಯೇ ಕೂತ ಶ್ರೀಕಂಠಯ್ಯನವರ ಬಿಳಿ ಪಂಚೆಯ ಹಿಂದೆ ದುಂಡನೆಯ ಕರಿ ಮುದ್ರೆ ಬಿತ್ತು. ಅಂಗಡಿಯವರೆಲ್ಲ ನಕ್ಕರೂ ಅವರನ್ನು ಜೊತೆಗೆ ಕರೆತಂದಿದ್ದ ನೆರೆಮನೆಯ ಯೋಗೇಂದ್ರಪ್ಪ ಮಾತ್ರ ತಿರುಗಿ ನೋಡಲಿಲ್ಲ. ಒಲೆ, ಹಾಸಿಗೆ ಎಲ್ಲ ಇರುವ ತಮ್ಮ ಮನೆಗಾಡಿಗೆ ಹೊಸ ಟೈರು ಆರಿಸುವಾಗ ಅವರಿಗೆ ಲೋಕವೇ ಕಾಣದು. ಎತ್ತು ಕೊಳ್ಳಲು ಬಂದವರಂತೆ ಟೈರನ್ನು ತಟ್ಟುತ್ತಾರೆ, ಮೂಸುತ್ತಾರೆ, ಹೆಬ್ಬೆರಳಲ್ಲಿ ಒತ್ತುತ್ತಾರೆ. "ಇದು ಘಾಟಿ ಹತ್ತಕ್ಕಿಲ್ಲ ಬುಡಿ, ಅದು ಬಿಸ್ಲು ತಡೆಯಕ್ಕಿಲ್ಲ" ಎಂದು ಬರಿಗೈಯಲ್ಲೇ ಹೊರಡುತ್ತಾರೆ. ವರ್ಷಗಟ್ಟಲೆ ಇದೇ ಕತೆ. ಲಕ್ವ ಹೊಡೆದು ಮಲಗಿರುವ ಹೆಂಡತಿ ಪ್ರೇಮಮ್ಮ ದಿನಾ "ಕಾಶಿಗೆ ಯಾವಾಗ್ರೀ ಹೊರಡೋದು?" ಎಂದು ತೊದಲಿದರೆ, "ಸರಿಯಾದ ಟೈರು ಸಿಕ್ಕಿಲ್ಲ ಕಣೇ" ಎನ್ನುತ್ತಾರೆ. "ನಿಮಗೆ ಇನ್ನೆಂಥ ಟೈರು ಬೇಕ್ರೀ?" ಎಂದು ಶ್ರೀಕಂಠಯ್ಯ ರೇಗಿದರು. "ಅವಳು ಎದ್ದು ಕೂತ್ರೆ, ಯಾವುದಾದ್ರೂ ಆಯ್ತದೆ."