ಬೀಟ್‌ರೂಟ್‌ನವರ ಮೇಜುಬಟ್ಟೆ

ಆ ಬೀದಿಯ ಹೋಟೆಲಿನವರಿಗೆಲ್ಲ ಅವನು ಸೋಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಲಾಂಡ್ರಿಯ ಲೈಸೆನ್ಸಿನಲ್ಲಿತ್ತು, ಅಲ್ಲೇ ಧೂಳು ತಿನ್ನುತ್ತಿತ್ತು. ಇಪ್ಪತ್ತಾರು ವರ್ಷದಿಂದ ಗಂಡ ಹೆಂಡತಿ ಇಬ್ಬರೇ ಸೇರಿ ಹೋಟೆಲುಗಳ ಮೇಜುಬಟ್ಟೆ, ನ್ಯಾಪ್ಕಿನ್ನು, ಅಡುಗೆಯವರ ಏಪ್ರನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದರು. ಯಾರಾದರೂ ಮನೆಯ ಅಂಗಿ, ಹೊದಿಕೆ ತಂದರೆ ಸೋಪಣ್ಣ ಬಾಗಿಲಲ್ಲೇ ತಡೆಯುತ್ತಿದ್ದ. "ಬೆವರು ಒಗೆಯೋಕೆ ಯಾರಾದ್ರೂ ಸಿಗ್ತಾರೆ, ಹೋಗಿ. ಇಲ್ಲಿ ಊಟದ ಕಲೆ ಮಾತ್ರ." ಅಷ್ಟು ಜಂಬ.

ಜಂಬಕ್ಕೆ ಕಾರಣವೂ ಇತ್ತು ಅನ್ನಿ. ಹತ್ತೂ ದಿಕ್ಕಿನಿಂದ ಜನ ಬಂದು ತುಂಬಿಕೊಂಡಿದ್ದ ದೊಡ್ಡ ಊರು ಅದು. ಒಂದೊಂದು ದೇಶದವರೂ ಒಂದೊಂದು ಹೋಟೆಲು ಇಟ್ಟಿದ್ದರು. ಆ ದೇಶಗಳೆಲ್ಲ ಭೂಪಟದಲ್ಲಿ ಎಲ್ಲಿವೆ ಅಂತ ಸೋಪಣ್ಣನಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಕಲೆ. ಕಪ್ಪು ಸಾಸು ಚೆಲ್ಲುವವರು ಸಾಸಿನವರು. ಸೋಪು ಹಾಕಿದ ಕೂಡಲೇ ಕೆಂಪಗೆ ತಿರುಗಿ ಹೆದರಿಸುವ ಹಳದಿ ಕಲೆ ಯಾರದೋ ಅವರು ಅರಿಶಿನದವರು. ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ತಿನ್ನುವವರು ಎಣ್ಣೆಯವರು. ಕೊನೆಯ ತಿರುವಿನಲ್ಲಿ, ಎಲ್ಲರಿಗಿಂತ ಬೆಳ್ಳಗಿನ ಬಟ್ಟೆ ಹಾಸಿ ಅದರ ಮೇಲೆ ಎಲ್ಲರಿಗಿಂತ ಕೆಂಪಗಿನ ಸಾರು ಬಡಿಸುವವರು ಬೀಟ್‌ರೂಟ್‌ನವರು. ಗಂಡ ಹೆಂಡತಿಯ ನಡುವೆ ಇವೇ ಹೆಸರು ಓಡಾಡುತ್ತಿದ್ದವು.

ಬೆಳಗ್ಗೆ ವ್ಯಾನಿನವನು ಗಂಟು ತಂದು ಹಾಕಿದ ಮೇಲೆ ಮೊದಲ ಕೆಲಸ ಬಿಡಿಸಿ ನೋಡುವುದು. ಉದ್ದನೆಯ ಮೇಜಿನ ಮೇಲೆ ಒಂದೊಂದೇ ಬಟ್ಟೆ ಹರಡಿ, ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಅಂತ ಬೇರೆ ಮಾಡಬೇಕು. ಆಗ ಸೋಪಣ್ಣನಿಗೆ ಹುರುಪು ಬರುತ್ತಿತ್ತು. "ನೋಡು ಇಲ್ಲಿ, ಇವನು ಎಡಗೈಯವನು. ಇಲ್ಲಿ ಮಗು ಕೂತಿತ್ತು, ಅರ್ಧ ಊಟ ಬಟ್ಟೆಗೇ ತಿನ್ನಿಸಿದೆ. ಇಲ್ಲಿ ಇಬ್ಬರು ಜಗಳ ಆಡಿದ್ದಾರೆ. ಒಂದು ಕಡೆ ನೋಡು, ಬಟ್ಟೆ ಹೋದ ಹಾಗೇ ಬಂದಿದೆ. ಪಾಪ, ಒಂದು ತುತ್ತೂ ಎತ್ತಿಲ್ಲ."

"ನೀವು ಪೊಲೀಸ್ ಇಲಾಖೆಗೆ ಸೇರಬೇಕಿತ್ತು ಕಣ್ರೀ" ಅನ್ನುತ್ತಿದ್ದಳು ಹೆಂಡತಿ, ಬಟ್ಟೆ ಕೊಡವುತ್ತ. ಕೊಡವುವಾಗ ಒಮ್ಮೆ ಮೂಗಿನ ಹತ್ತಿರ ಹಿಡಿದು ವಾಸನೆ ನೋಡುವುದು ಅವಳ ಅಭ್ಯಾಸ. "ರೀ, ಎಣ್ಣೆಯವರು ಇವತ್ತು ಏನೋ ಹೊಸದು ಮಾಡಿದ್ದಾರೆ."

ಇದನ್ನೆಲ್ಲ ಅವರು ಮಾತಾಡುತ್ತಿದ್ದದ್ದು ಕೂಗಿ. ಎರಡು ದೊಡ್ಡ ಮಿಷನ್ನು, ಒಂದು ಹಿಂಡುವ ಡ್ರಮ್ಮು, ಮೂರೂ ಒಟ್ಟಿಗೆ ತಿರುಗಿದರೆ ಪಕ್ಕದಲ್ಲಿ ನಿಂತವರ ಸೀನು ಕೂಡ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವರ ಸಂಸಾರವೆಲ್ಲ ಕೂಗಿನಲ್ಲೇ ನಡೆದಿತ್ತು. ಅವನು ಬೈದರೆ ಕೂಗಿ ಬೈಯುತ್ತಿದ್ದ, ಅವಳು ಅದಕ್ಕಿಂತ ಜೋರಾಗಿ ತಿರುಗಿ ಬೈಯುತ್ತಿದ್ದಳು, ಅರ್ಧ ಮಾತು ಮಿಷನ್ನಿನ ಪಾಲಾಗುತ್ತಿತ್ತು, ಯಾರಿಗೂ ಏನೂ ನಾಟುತ್ತಿರಲಿಲ್ಲ.

ಇಡೀ ಊರು ಉಂಡ ವಾಸನೆಯನ್ನು ಇಪ್ಪತ್ತಾರು ವರ್ಷ ಮೂಗಿನಲ್ಲೇ ಉಂಡ ಆ ಹೆಂಗಸು, ಮಧ್ಯಾಹ್ನವಾದರೆ ಇಸ್ತ್ರಿಯ ಹಬೆಯಲ್ಲಿ ನಿಂತು ಮನೆಯಿಂದ ತಂದ ಡಬ್ಬಿ ತೆರೆಯುತ್ತಿದ್ದಳು. ಇದು ಸೋಪಣ್ಣನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ. ಬಿದ್ದದ್ದು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ ಮಗಳ ಕಣ್ಣಿಗೆ. ಒಂದು ಸಲ ಬಂದವಳು ಅಪ್ಪನನ್ನು ನಿಲ್ಲಿಸಿ ಕೇಳಿದಳು: "ಅಪ್ಪಾ, ಅಮ್ಮನ್ನ ಈ ಹೋಟೆಲುಗಳಲ್ಲಿ ಒಂದಕ್ಕಾದ್ರೂ ಕರ್ಕೊಂಡು ಹೋಗಿದ್ದೀಯಾ?"

"ಹೋಟೆಲಿಗೆ ಯಾಕೆ? ಅದರ ಒಳಗುಟ್ಟೆಲ್ಲ ನಮಗೆ ಗೊತ್ತಲ್ಲ."

"ತಿಂಗಳಿಗೆ ಒಂದು ಹೋಟೆಲು. ರಜಾ ದಿನ. ಅಮ್ಮ ಹೇಳಿದ್ದಕ್ಕೆ ಹೋಗಬೇಕು" ಅಂತ ಮಗಳು ತೀರ್ಪು ಕೊಟ್ಟು ಬಸ್ಸು ಹತ್ತಿದಳು.

ಮೊದಲ ತಿಂಗಳು ಸಾಸಿನವರಲ್ಲಿಗೆ ಹೋದರು. ನಮ್ಮವನಿಗೆ ಗೊತ್ತಿದ್ದದ್ದು ಅಲ್ಲಿಯ ಅಡುಗೆಯವರ ಏಪ್ರನ್ನು ಮಾತ್ರ, ಮೇಜಿನ ಮೇಲೆ ಹಾಸುತ್ತಿದ್ದದ್ದು ಕಾಗದ. ಹೆಂಡತಿ ಎರಡು ಕಡ್ಡಿ ಹಿಡಿದು ನೂಡಲ್ಸ್ ಎತ್ತಿದಳು. ಅದು ಜಾರಿತು. ಮತ್ತೆ ಎತ್ತಿದಳು, ಬಾಯಿಯ ತನಕ ಬಂದು ಜಾರಿತು. ಮೂರನೆಯ ಸಲ ಬಟ್ಟಲಿಗೇ ಬಾಯಿ ಹಚ್ಚಿ ಸೊರಕ್ ಅಂತ ಎಳೆದಳು. ಸಾಸು ಗಲ್ಲದ ಮೇಲೆ, ಮೂಗಿನ ಮೇಲೆ. ಆಮೇಲೆ ನಕ್ಕಳು ನೋಡಿ. ಅವಳ ನಗು ಅಂದರೆ ಬರೀ ತುಟಿಯದಲ್ಲ, ಭುಜ, ಹೊಟ್ಟೆ, ಕೂತ ಕುರ್ಚಿ ಎಲ್ಲವೂ ನಗುತ್ತಿತ್ತು. ಪಕ್ಕದವರೂ ನಕ್ಕರು. ಎರಡನೆಯ ತಿಂಗಳು ಪ್ಲಾಸ್ಟಿಕ್ ಹಾಸಿದ ಮೇಜಿನಲ್ಲಿ ಒಂದೇ ಅಗಲ ತಟ್ಟೆಯಿಂದ ಇಬ್ಬರೂ ರೊಟ್ಟಿ ಮುರಿದು ತಿಂದರು. ಮನೆಗೆ ಬಂದು ಅಕ್ಕಪಕ್ಕದ ಹೆಂಗಸರಿಗೆ ಒಂದು ವಾರ ಅದೇ ಕಥೆ. ಈ ವಯಸ್ಸಿನಲ್ಲಿ ಅವಳಿಗೆ ಹೊಸ ಪ್ರಾಯ ಬಂದ ಹಾಗಾಗಿತ್ತು.

ಮೂರನೆಯ ತಿಂಗಳು ಅವಳೇ ಅಂದಳು, "ಬೀಟ್‌ರೂಟ್‌ನವರಲ್ಲಿಗೆ ಹೋಗೋಣ್ವಾ? ಆ ಬಣ್ಣ ಬಟ್ಟೆ ಮೇಲೆ ನೋಡಿ ನೋಡಿ ಸಾಕಾಗಿದೆ. ನಾಲಿಗೆ ಮೇಲೆ ಹೇಗಿರುತ್ತೋ ನೋಡಬೇಕು."

ಮಗಳ ಮದುವೆಗೆ ಹೊಲಿಸಿದ ಬಟ್ಟೆ ಹಾಕಿಕೊಂಡು ಬಂದಳು. ಮಧ್ಯಾಹ್ನದ ಹೊತ್ತು, ದೊಡ್ಡ ಕಿಟಕಿಗಳಿಂದ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಸೋಪಣ್ಣ ಕೂತವನೇ ಬಟ್ಟೆಯ ಮೇಲೆ ಅಂಗೈ ಆಡಿಸಿದ. "ನೋಡಿದ್ಯಾ ಇಸ್ತ್ರಿ? ಒಂದು ಸುಕ್ಕಿಲ್ಲ."

"ಇಸ್ತ್ರಿ ಮಾಡಿದ್ದು ನಾನು ರೀ" ಅಂದಳು ಅವಳು. ಮೂಲೆಯಲ್ಲಿ ಹರಿದ ಕಡೆ ತಾನೇ ಹಾಕಿದ ರಫೂ ಹೊಲಿಗೆಯನ್ನೂ ಬೆರಳಿನಿಂದ ತೋರಿಸಿದಳು.

ಸಾರು ಬಂತು. ಮಧ್ಯದಲ್ಲಿ ಒಂದು ಚಮಚ ಹುಳಿ ಕೆನೆ ತೇಲುತ್ತಿತ್ತು. ಅವಳು ಬಟ್ಟಲಿನ ಮೇಲೆ ಬಗ್ಗಿ ಮೊದಲು ವಾಸನೆ ನೋಡಿದಳು, ಆಮೇಲೆ ಚಮಚ ತುಂಬಿ ಎತ್ತಿದಳು. ಅದೇ ಹೊತ್ತಿಗೆ ಸೋಪಣ್ಣನಿಗೆ ತಮಾಷೆ ಮಾಡುವ ಚಪಲ ಬಂತು. ಎದುರು ಮೇಜಿನ ದಪ್ಪನೆಯ ದೊಡ್ಡ ಮನುಷ್ಯರೊಬ್ಬರು ನ್ಯಾಪ್ಕಿನ್ನನ್ನು ಕಾಲರಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ಬಾಯಿ ಒರೆಸಿಕೊಳ್ಳುತ್ತಿದ್ದರು. "ಆ ನ್ಯಾಪ್ಕಿನ್ ನನಗೆ ಪರಿಚಯ" ಅಂದ ಸೋಪಣ್ಣ, ತಗ್ಗಿದ ದನಿಯಲ್ಲಿ. "ಹೋದ ವಾರ ಅಡುಗೆಯವನು ಅದರಲ್ಲಿ ಮೂಗು ಒರೆಸಿಕೊಂಡಿದ್ದ."

ಅವಳಿಗೆ ತಡೆಯಲಾಗಲಿಲ್ಲ. ಭುಜ ನಕ್ಕಿತು, ಕುರ್ಚಿ ನಕ್ಕಿತು, ಚಮಚ ಕೈಬಿಟ್ಟು ಬಟ್ಟಲಿನ ಅಂಚಿಗೆ ಬಡಿಯಿತು. ಬಟ್ಟಲು ವಾಲಿ ಸಾರು ಬಿಳಿ ಬಟ್ಟೆಯ ಮೇಲೆ ಅಂಗೈ ಅಗಲ ಹರಡಿತು.

ಇಲ್ಲಿ ಸೋಪಣ್ಣನ ಪರವಾಗಿ ಹೇಳಬಹುದಾದದ್ದು ಇಷ್ಟೇ: ಅವನ ಕಣ್ಣಿಗೆ ಆ ಕ್ಷಣ ಹೆಂಡತಿ ಕಾಣಲಿಲ್ಲ, ಕಲೆ ಕಂಡಿತು. ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. "ಒಂದು ಚಮಚ ನೆಟ್ಟಗೆ ಹಿಡಿಯೋಕೆ ಬರಲ್ವಾ ನಿನಗೆ? ಬೀಟ್‌ರೂಟ್ ಕಲೆ ಹೋಗಲ್ಲ ಅಂತ ಗೊತ್ತಿಲ್ವಾ? ಮನುಷ್ಯರು ತಿನ್ನೋ ಹಾಗೆ ತಿನ್ನು."

ಲಾಂಡ್ರಿಯಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತಿನಷ್ಟೇ ಜೋರಾಗಿ ಆಡಿದ್ದು. ಆದರೆ ಅಲ್ಲಿ ಮಿಷನ್ನು ಇರಲಿಲ್ಲ. ಇಡೀ ಹಾಲಿಗೆ ಕೇಳಿಸಿತು. ಚಮಚಗಳ ಸದ್ದು ನಿಂತಿತು. ಕಾಲರಿಗೆ ನ್ಯಾಪ್ಕಿನ್ ಸಿಕ್ಕಿಸಿದ್ದವರೂ ತಿರುಗಿ ಅವಳನ್ನು ನೋಡಿದರು. ಅವಳು ತಿರುಗಿ ಬೈಯಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. ಈ ಮಹರಾಯ ಉಪ್ಪಿನ ಡಬ್ಬಿ ಬಗ್ಗಿಸಿ ಕಲೆಯ ಮೇಲೆ ಸುರಿದ, ತಣ್ಣೀರು ಚಿಮುಕಿಸಿದ, ಓಡಿ ಬಂದ ಮ್ಯಾನೇಜರನಿಗೇ ಬಿಸಿನೀರು ಮುಟ್ಟಿಸಬೇಡಿ ಅಂತ ಅಪ್ಪಣೆ ಕೊಟ್ಟ. "ಬಿಡಿ ಸಾರ್, ಚೆಲ್ಲಲಿ ಅಂತಾನೇ ತಾನೇ ಬಟ್ಟೆ ಹಾಸಿರೋದು" ಅಂದ ಮ್ಯಾನೇಜರು, ಮುಖ ನೋಡಿ ಗುರುತು ಹಿಡಿದ. "ಓ, ಸೋಪಣ್ಣ ನೀವಾ?" ಪಕ್ಕದ ಮೇಜಿನವರಿಗೂ ಪರಿಚಯ ಮಾಡಿಕೊಟ್ಟ: "ನಮ್ಮ ಬಟ್ಟೆ ಇಷ್ಟು ಬೆಳ್ಳಗಿರೋದು ಇವರಿಂದಾನೇ." ಅಷ್ಟು ಸಾಕಾಯಿತು. ಸೋಪಣ್ಣ ಉಬ್ಬಿಹೋದ. ಪಕ್ಕದವರು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ. ಅರಿಶಿನಕ್ಕೆ ಬಿಸಿಲೇ ಮದ್ದು ಅಂದ, ಎಣ್ಣೆಗೆ ಮೊದಲು ಹಿಟ್ಟು ಉದುರಿಸಿ ಅಂದ. ಮಾತಿನ ನಡುವೆ ಸಾರು ಮುಗಿಸಿದ, ಕಡುಬು ತಿಂದ, ಬುಟ್ಟಿಯ ರೊಟ್ಟಿ ಖಾಲಿ ಮಾಡಿದ. ತಟ್ಟೆ ಯಾವಾಗ ತೆಗೆದರು, ಯಾರ ತಟ್ಟೆಯಲ್ಲಿ ಎಷ್ಟು ಉಳಿದಿತ್ತು, ಒಂದೂ ಅವನಿಗೆ ಗೊತ್ತಿಲ್ಲ.

ದಾರಿಯಲ್ಲಿ ಕೇಳಿದ, "ಹೇಗಿತ್ತು?"

"ಚೆನ್ನಾಗಿತ್ತು" ಅಂದಳು.

ಮೂರು ದಿನದ ಮೇಲೆ ಬೀಟ್‌ರೂಟ್‌ನವರ ಗಂಟು ಬಂತು. ಹೆಂಡತಿ ರಫೂ ನೂಲು ತರಲು ಪೇಟೆಗೆ ಹೋಗಿದ್ದಳು. ಸೋಪಣ್ಣ ಒಬ್ಬನೇ ಒಂದೊಂದೇ ಬಟ್ಟೆ ಹರಡುತ್ತ, ಕೇಳುವವರಿಲ್ಲದಿದ್ದರೂ ಅಭ್ಯಾಸಬಲದಿಂದ ವಿವರಣೆ ಕೊಡುತ್ತ ಹೋದ. ನಾಲ್ಕನೆಯದನ್ನು ಹರಡಿದ. "ಇಲ್ಲಿ ಕೂತವನು ಒಳ್ಳೇ ತಿಂಡಿಪೋತ. ಕಡುಬಿನ ಬೆಣ್ಣೆ, ಕೆನೆ, ರೊಟ್ಟಿ ಚೂರು. ಮೊಣಕೈ ಊರಿಕೊಂಡು ಮಾತಾಡಿದ್ದಾನೆ ಬಡ್ಡೀಮಗ." ಅಷ್ಟರಲ್ಲಿ ಬೆರಳಿಗೆ ಉಪ್ಪಿನ ಹರಳು ಸಿಕ್ಕಿತು. ಮೂಲೆಯಲ್ಲಿ ರಫೂ ಕಂಡಿತು.

ಎದುರು ಬದಿ ನೋಡಿದ. ಅಂಗೈ ಅಗಲದ ಕೆಂಪು ಕಲೆ. ಅದರ ಸುತ್ತ ಏನೂ ಇಲ್ಲ. ಬೆಣ್ಣೆಯ ಬೆರಳಿಲ್ಲ, ಒಂದು ರೊಟ್ಟಿ ಚೂರಿಲ್ಲ, ಇಸ್ತ್ರಿಯ ಗೆರೆ ಕೂಡ ಅವಳು ಹಾಕಿದ ಹಾಗೇ ಇತ್ತು. ಒಳಗೆ ಸಿಕ್ಕಿಕೊಂಡಿದ್ದ ಎರಡು ನ್ಯಾಪ್ಕಿನ್ನುಗಳಲ್ಲಿ ಒಂದರ ಮಡಿಕೆಯೇ ಬಿಚ್ಚಿರಲಿಲ್ಲ.

ಸೋಪಣ್ಣ ಆ ನ್ಯಾಪ್ಕಿನ್ನನ್ನು ಕೈಗೆತ್ತಿಕೊಂಡ. ಇಂಥ ಬಟ್ಟೆಯನ್ನು ಅವನು ಎಷ್ಟು ಸಲ ಓದಿ ಹೇಳಿಲ್ಲ, ಪಾಪ ಅಂತ ಎಷ್ಟು ಸಲ ಅಂದಿಲ್ಲ. ಮದುವೆ ಬಟ್ಟೆ ಹಾಕಿಕೊಂಡು ಹೋದವಳು ಹಸಿದುಕೊಂಡೇ ಎದ್ದು ಬಂದಿದ್ದಳು, ಎದುರಿಗೇ ಕೂತು ತಾನು ಗಡದ್ದಾಗಿ ತಿಂದು ಊರಿಗೆಲ್ಲ ಭಾಷಣ ಮಾಡಿದ್ದ. ಅವಳನ್ನು ನಗಿಸಿದ್ದು ತಾನೇ, ನಕ್ಕಿದ್ದಕ್ಕೆ ಬೈದದ್ದೂ ತಾನೇ. ಮನುಷ್ಯರು ತಿನ್ನೋ ಹಾಗೆ ತಿನ್ನು ಅಂದದ್ದು ಈಗ ಅವನ ಕಿವಿಗೇ ಕೇಳಿಸಿತು.

ಅವಳು ಬರುವುದರೊಳಗೆ ಆ ಬಟ್ಟೆಯನ್ನು ಮಿಷನ್ನಿಗೆ ಹಾಕದೆ ಕೈಯಲ್ಲೇ ಒಗೆದ. ತಣ್ಣೀರು, ನಿಂಬೆರಸ, ಆಮೇಲೆ ಸೋಪು. ಹೋಗುವುದೇ ಇಲ್ಲ ಅಂತ ಹಾಲಿಗೆಲ್ಲ ಕೇಳುವ ಹಾಗೆ ಕೂಗಿದ್ದ ಕಲೆ ಅರ್ಧ ಗಂಟೆಯಲ್ಲಿ ಹೋಯಿತು. ಅದನ್ನು ನೋಡಿ ಅವನಿಗೆ ಇನ್ನಷ್ಟು ಕೆಟ್ಟದೆನಿಸಿತು.

ಅವಳು ಬಂದಳು. ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಯ ಮೂಲೆಯಲ್ಲಿದ್ದ ರಫೂ ನೋಡಿದಳು, ಇಸ್ತ್ರಿಗೆ ನಿಂತಳು. ಸೋಪಣ್ಣ ಅವಳ ಪಕ್ಕ ಹೋದ. "ಅವತ್ತು ನಾನು..." ಅಂದ, ಮೆಲ್ಲಗೆ.

"ಏನಂದ್ರಿ?" ಅವಳು ಕೂಗಿದಳು.

ಬೈಯುವುದನ್ನು ಕೂಗಿ ಬೈಯಬಹುದು, ಇದನ್ನು ಕೂಗಿ ಹೇಳುವುದು ಹೇಗೆ? ಅವನು ಹೋಗಿ ಮಿಷನ್ನುಗಳನ್ನು ಒಂದೊಂದಾಗಿ ನಿಲ್ಲಿಸಿದ. ಲಾಂಡ್ರಿಯಲ್ಲಿ ಹಗಲು ಹೊತ್ತಿನಲ್ಲಿ ಅಂಥ ನಿಶ್ಶಬ್ದ ಅವರಿಬ್ಬರೂ ಕೇಳಿರಲಿಲ್ಲ. ಅವಳು ಇಸ್ತ್ರಿ ಎತ್ತಿ ನಿಂತಳು. "ಯಾಕೆ, ಕರೆಂಟ್ ಹೋಯ್ತಾ?"

"ಇಲ್ಲ. ಸೋಪು ಮುಗೀತಾ ಬಂದಿದೆ ಅಂತ ಹೇಳೋಣ ಅಂತ" ಅಂದ ಸೋಪಣ್ಣ. ಮತ್ತೆ ಹೋಗಿ ಮಿಷನ್ ಚಾಲೂ ಮಾಡಿದ.

ಮುಂದಿನ ತಿಂಗಳ ರಜಾ ದಿನ ಅವಳು ಹೋಟೆಲಿನ ಮಾತೇ ಎತ್ತಲಿಲ್ಲ. ಅವನೇ ಎತ್ತಿದ. "ಸಾಸಿನವರಲ್ಲಿಗೇ ಹೋಗೋಣ. ಕಾಗದದ ಮೇಜು." ಅವಳು ಬೇಡ ಅನ್ನಲಿಲ್ಲ. ದಿನಾ ಹಾಕುವ ಬಟ್ಟೆಯಲ್ಲೇ ಹೊರಟಳು.

ಮೊದಲ ಸಲ ಕೂತಿದ್ದ ಮೂಲೆ, ಅದೇ ಕುರ್ಚಿ. ನೂಡಲ್ಸ್ ಬರುವ ಮೊದಲು ಅವಳು ಚೀಲ ತೆರೆದು ಮನೆಯ ಎರಡು ಹಳೆಯ ಟವೆಲ್ ತೆಗೆದಳು. ಕಾಗದದ ಮೇಲೆ ತನ್ನ ಎದುರಿಗೆ ಒಂದನ್ನು ಎರಡು ಮಡಿಕೆ ಮಾಡಿ ಹಾಸಿದಳು, ಅಂಚು ನೇರ ಮಾಡಿದಳು. ಇನ್ನೊಂದನ್ನು ತೊಡೆಯ ಮೇಲೆ ಹರಡಿಕೊಂಡಳು. ಬಡಿಸಲು ಬಂದವಳು ಟವೆಲ್ಲನ್ನೂ ಸೋಪಣ್ಣನ ಮುಖವನ್ನೂ ನೋಡಿ ಬಟ್ಟಲು ಇಟ್ಟು ಹೋದಳು.

"ಕಾಗದ ಇದೆಯಲ್ಲ, ಇದು ಯಾಕೆ?"

"ಇರಲಿ ಬಿಡಿ. ನಮ್ಮನೇದೇ ತಾನೇ."

"ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದ ಸೋಪಣ್ಣ. ಇಲ್ಲಿ ಮಿಷನ್ನಿಲ್ಲ, ಅವಳಿಗೆ ಪೂರ್ತಿ ಕೇಳಿಸಿತು.

"ಎಷ್ಟು ದಿನ ಆಯ್ತು ಅದಾಗಿ. ತಿನ್ನಿ, ಆರಿಹೋಗುತ್ತೆ."

ಅವಳು ತಿನ್ನತೊಡಗಿದಳು. ಕಡ್ಡಿಯಲ್ಲಿ ಎರಡೇ ಎಳೆ ಎತ್ತಿ, ಕೆಳಗೆ ಇನ್ನೊಂದು ಕೈ ಹಿಡಿದು, ಸದ್ದಿಲ್ಲದೆ. ಒಂದು ಹನಿ ಬೀಳಲಿಲ್ಲ. ಅದನ್ನು ನೋಡುತ್ತ ಸೋಪಣ್ಣನಿಗೆ ಏನಾದರೂ ಮಾಡಿ ಹಳೆಯ ನಗು ಎಬ್ಬಿಸಬೇಕು ಅನ್ನಿಸಿತು. ಕೌಂಟರಿನ ಹತ್ತಿರ ನಿಂತಿದ್ದ ಅಡುಗೆಯವನ ಕಡೆ ಕಣ್ಣು ಹಾಯಿಸಿ, "ಆ ಏಪ್ರನ್ ನೋಡು, ಮುಂದಿನ ವಾರ ಅದನ್ನ ಒಗೆಯೋ ಬದಲು ಕುದಿಸಿ ಸೂಪ್ ಮಾಡಬಹುದು" ಅಂದ.

ಅವಳಿಗೆ ನಗು ಬಂತು, ಬಂದದ್ದು ಅವನಿಗೆ ಕಾಣಿಸಿತು. ಅವಳು ಮೊದಲು ಕಡ್ಡಿಗಳನ್ನು ಟವೆಲ್ಲಿನ ಮೇಲೆ ಇಟ್ಟಳು. ಬಟ್ಟಲನ್ನು ಸ್ವಲ್ಪ ಆಚೆ ಸರಿಸಿದಳು. ಬಾಯಲ್ಲಿದ್ದದ್ದನ್ನು ನುಂಗಿ, ತುಟಿ ಒರೆಸಿಕೊಂಡಳು. ಆಮೇಲೆ ನಕ್ಕಳು.